ಬಿಚ್ಚಲಾಗದ ಗಂಟು

ಮದುವೆಯ ಹಾರ ಹೆಚ್ಚು ದಿನ ಬಾಳಲಿ ಎಂದು ನಮ್ಮಲ್ಲಿ ಯಾರೂ ಬಯಸುತ್ತಿರಲಿಲ್ಲ. ಧಾರೆ, ಆರತಕ್ಷತೆ ಮುಗಿದು ಮಂಟಪದ ಹೂವೆಲ್ಲ ಬಾಡಿದ ಮೇಲೆ ಅದೂ ತೆಂಗಿನ ಬುಡಕ್ಕೋ ಹರಿಯುವ ನೀರಿಗೋ ಸೇರುತ್ತಿತ್ತು. ಈಗ ಅದೇ ಹಾರ ಕೊರಿಯರ್ ಡಬ್ಬಿಯಲ್ಲಿ ಕೂತು ಊರಿನಿಂದ ಊರಿಗೆ ಹೋಗುತ್ತದೆ. ಅಲ್ಲಿ ಸಿಲಿಕಾ ಜೆಲ್ಲಿನ ಹರಳುಗಳ ನಡುವೆ ದಿನಗಟ್ಟಲೆ ಒಣಗಿ, ಸಿಲಿಕೋನ್ ಅಚ್ಚಿನಲ್ಲಿ ಪದರ ಪದರವಾಗಿ ಸುರಿದ ಎಪಾಕ್ಸಿ ರೆಸಿನ್ನಿನೊಳಗೆ ಮುಳುಗಿ, ವಧೂವರರ ಹೆಸರು ಮತ್ತು ಮುಹೂರ್ತದ ತಾರೀಖು ಹೊತ್ತ ಪಾರದರ್ಶಕ ಫಲಕವಾಗಿ ಮನೆಗೆ ಮರಳುತ್ತದೆ. ಹಾರದ ಹಿಂದೆಯೇ ಮಗುವಿನ ಜವಳದ ಕೂದಲು, ಉದುರಿದ ಹೊಕ್ಕುಳಬಳ್ಳಿಯ ಒಣತುಂಡು, ತಾಯಿಯ ಎದೆಹಾಲು, ಅಜ್ಜನ ಕೈಗಡಿಯಾರ, ಸಾಕಿದ ನಾಯಿಯ ರೋಮ, ತೀರಿಕೊಂಡವರ ಚಿತಾಭಸ್ಮ ಎಲ್ಲವೂ ಸರದಿಯಲ್ಲಿ ನಿಂತಿವೆ. ಉಂಗುರ, ಪದಕ, ಕೀಲಿಗೊಂಚಲು, ಗೋಡೆ ಗಡಿಯಾರ, ಮೇಜಿನ ಮೇಲಿನ ಗುಂಡು, ಹೀಗೆ ರೂಪಗಳು ಹಲವು. ಮಾರುವವರ ಮಾತು ಮಾತ್ರ ಬಹುಪಾಲು ಒಂದೇ: ನಿಮ್ಮ ನೆನಪು ಇನ್ನು ಶಾಶ್ವತ.

ಇಲ್ಲಿ ಮಂಡಿಸಲಿರುವ ವಾದ ಆ ‘ಶಾಶ್ವತ’ದ ಬಗ್ಗೆ. ರೆಸಿನ್ನಿನಲ್ಲಿ ಹುದುಗಿಸುವುದು ಒಂದು ಅಲಂಕಾರ ಕಲೆ. ಕೈಚಳಕ ಬೇಡುವ, ಕಣ್ಣಿಗೆ ಹಿತವಾದ ಕಲೆ. ಅದನ್ನು ಸಂರಕ್ಷಣೆ ಎಂದು ತಪ್ಪಾಗಿ ತಿಳಿದು, ಒಂದೇ ಒಂದಿರುವ ವಸ್ತುವನ್ನು ಅದಕ್ಕೆ ಒಪ್ಪಿಸಿದಾಗ ತೊಂದರೆ ಶುರುವಾಗುತ್ತದೆ. ಕಾಪಾಡುವುದೆಂದರೆ ವಸ್ತುವನ್ನು ಅಲುಗಾಡದಂತೆ ನಿಲ್ಲಿಸುವುದು ಎಂಬ ಎಣಿಕೆ ಈ ಮೋಹದ ಬೇರು. ಕಾಪಾಡುವುದನ್ನೇ ವೃತ್ತಿ ಮಾಡಿಕೊಂಡವರು ಹಾಗೆ ತಿಳಿಯುವುದಿಲ್ಲ. ಮುಂದೆ ಬರುವವರು ತಮಗೆ ಬೇಕಾದುದನ್ನು ಆ ವಸ್ತುವಿನೊಂದಿಗೆ ಮಾಡಲು ಸಾಧ್ಯವಾಗುವಂತೆ ಬಿಟ್ಟುಹೋಗುವುದನ್ನು ಅವರು ಕಾಪಾಡುವುದು ಎನ್ನುತ್ತಾರೆ. ರೆಸಿನ್ ಕಿತ್ತುಕೊಳ್ಳುವುದು ಸರಿಯಾಗಿ ಆ ಸಾಧ್ಯತೆಯನ್ನೇ.

ರೆಸಿನ್ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ಎಪಾಕ್ಸಿ ಹುಟ್ಟಿದ್ದು 1930ರ ದಶಕದಲ್ಲಿ. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ ಕಟ್ಟಿಸುವ ಹಲ್ಲಿಗೆ ತಕ್ಕ ಸಾಮಗ್ರಿಯನ್ನು ಹುಡುಕುತ್ತಿದ್ದಾಗ ಅದು ಕೈಗೆ ಬಂತು. 1946ರಲ್ಲಿ ಸೀಬಾ ಕಂಪನಿ ಅದನ್ನು ಅರಾಲ್ಡೈಟ್ ಎಂಬ ಅಂಟಾಗಿ ಮಾರುಕಟ್ಟೆಗೆ ತಂದಿತು. ಅಂದರೆ ಮೂಲದಲ್ಲಿ ಇದು ಎರಡನ್ನು ಎಂದೂ ಬಿಡದಂತೆ ಬೆಸೆಯಲು ಬಳಸಿದ ವಸ್ತು. ಬಿಸ್ಫೆನಾಲ್-ಎ ಮತ್ತು ಎಪಿಕ್ಲೋರೋಹೈಡ್ರಿನ್ ಸೇರಿ ಆದ ರೆಸಿನ್ನಿಗೆ ಅಮೀನ್ ಜಾತಿಯ ಹಾರ್ಡನರ್ ಬೆರೆಸಿದರೆ ಅಣುಗಳು ಒಂದಕ್ಕೊಂದು ಅಡ್ಡಡ್ಡವಾಗಿ ಬಂಧ ಕಟ್ಟಿಕೊಂಡು ಎಲ್ಲ ದಿಕ್ಕಿಗೂ ಹರಡಿದ ಬಲೆಯಾಗುತ್ತವೆ. ಬೆಂದ ಇಡ್ಲಿ ಮತ್ತೆ ಹಿಟ್ಟಾಗದ ಹಾಗೆ, ಗಟ್ಟಿಯಾದ ಎಪಾಕ್ಸಿ ಮತ್ತೆ ದ್ರವವಾಗುವುದಿಲ್ಲ. ಕಾಯಿಸಿದರೆ ಮೆತ್ತಗಾಗಬಹುದು, ಇನ್ನೂ ಕಾಯಿಸಿದರೆ ಕರಕಲಾಗಬಹುದು, ಕರಗದು. ಅದನ್ನು ಉಬ್ಬಿಸಿ ಸಡಿಲಿಸುವ ಉಗ್ರ ದ್ರಾವಕಗಳಿವೆ, ಆದರೆ ಒಳಗಿರುವ ಶಾಯಿ ಬಣ್ಣಗಳು ಅವುಗಳ ಮುಂದೆ ಬದುಕುವುದು ಕಷ್ಟ. ಈ ಬಂಧ ಕಟ್ಟುವಾಗ ಶಾಖವೂ ಹುಟ್ಟುತ್ತದೆ. ಒಂದೇ ಸಲಕ್ಕೆ ದಪ್ಪಗೆ ಸುರಿದರೆ ಆ ಶಾಖ ಹೊರಗೆ ಹೋಗಲಾರದೆ ಏರುತ್ತ ಹೋಗಿ, ರೆಸಿನ್ ಹೊಗೆಯಾಡಿ ಬಿರುಕು ಬಿಡುವುದುಂಟು. ಆದ್ದರಿಂದಲೇ ಬಲ್ಲವರು ತೆಳುವಾಗಿ, ಪದರದ ಮೇಲೆ ಪದರವಾಗಿ, ನಡುವೆ ಕಾಯುತ್ತ ಸುರಿಯುತ್ತಾರೆ.

ಹೂವಿನ ಪಾಡು ಇನ್ನೂ ಸೂಕ್ಷ್ಮವಾದದ್ದು. ಹಸಿ ಹೂವಿನ ಬಹುಪಾಲು ನೀರು. ನೀರಿದ್ದಂತೆಯೇ ಮುಳುಗಿಸಿದರೆ ಸುತ್ತಲಿನ ರೆಸಿನ್ ಮಂಜಾಗುತ್ತದೆ, ಒಳಗೆ ಹೂವು ಕಂದುತ್ತದೆ. ಆದ್ದರಿಂದ ಮೊದಲು ಒಣಗಿಸಬೇಕು. ಆ ಒಣಗುವಿಕೆಯಲ್ಲೇ ಹೂವು ಅರ್ಧ ಬೇರೆಯಾಗಿರುತ್ತದೆ. ಚೆಂಡುಹೂವಿನ ಹಳದಿ ಕ್ಯಾರೊಟಿನಾಯ್ಡ್‌ಗಳಿಂದ ಬಂದದ್ದು; ಅದು ಒಂದಿಷ್ಟು ತಾಳಿಕೊಳ್ಳುತ್ತದೆ. ಗುಲಾಬಿಯ ಕೆಂಪು ಆಂಥೋಸಯನಿನ್‌ಗಳದ್ದು. ಅದು ಒಣಗುತ್ತಿದ್ದಂತೆ ಕಪ್ಪಿನ ಕಡೆಗೆ ಜಾರುತ್ತದೆ. ಮಲ್ಲಿಗೆ, ಸುಗಂಧರಾಜಗಳ ಬಿಳುಪಂತೂ ಕಂದಿ ಕಾಗದದ ಬಣ್ಣಕ್ಕೆ ತಿರುಗುತ್ತದೆ, ಅಥವಾ ರೆಸಿನ್ ಹೀರಿಕೊಂಡು ಎಣ್ಣೆ ಹತ್ತಿದ ಕಾಗದದಂತೆ ಪಾರದರ್ಶಕವಾಗಿಬಿಡುತ್ತದೆ. ಕಾರಣ ಬೆಳಕಿನ ನಡೆ. ಎಸಳಿನ ಬಿಳುಪು ಬಣ್ಣದಿಂದ ಬಂದದ್ದಲ್ಲ. ಜೀವಕೋಶಗಳ ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ಬಂದದ್ದು. ಗಾಳಿಯ ಜಾಗವನ್ನು ರೆಸಿನ್ ತುಂಬಿಕೊಂಡರೆ ಚದುರಲು ಏನೂ ಉಳಿಯುವುದಿಲ್ಲ. ಹಳೆಯ ಪತ್ರವನ್ನು ಹಾಗೆಯೇ ಮುಳುಗಿಸಿದರೂ ಇದೇ ಆಗುತ್ತದೆ: ಹಿಂಬದಿಯ ಬರಹ ಮುಂಬದಿಗೆ ಇಣುಕಿ ಎರಡೂ ಓದಲಾಗದೆ ಹೋಗುತ್ತವೆ. ಪರಿಮಳದ ಮಾತನ್ನಂತೂ ಎತ್ತುವಂತೆಯೇ ಇಲ್ಲ. ಮೈಸೂರು ಮಲ್ಲಿಗೆಯನ್ನು ನೋಡುವುದಕ್ಕಾಗಿ ಯಾರು ಮುಡಿಯುತ್ತಾರೆ? ರೆಸಿನ್ ಐದು ಇಂದ್ರಿಯಗಳಲ್ಲಿ ನಾಲ್ಕನ್ನು ಹೊರಗಿಟ್ಟು ಕಣ್ಣಿಗೊಂದು ವಸ್ತುವನ್ನು ಕೊಡುತ್ತದೆ. ಕಣ್ಣಿಗೆ ಕಾಣುವುದೂ ಮದುವೆಯ ದಿನ ಕೊರಳಲ್ಲಿದ್ದ ಹೂವಲ್ಲ, ಅದರ ಒಣಗಿದ ದೇಹ.

ಆ ಕಣ್ಣಿನ ಸುಖವಾದರೂ ಎಷ್ಟು ಕಾಲ? ಬಿಸ್ಫೆನಾಲ್ ಆಧಾರಿತ ಎಪಾಕ್ಸಿಯ ಅಣುವಿನಲ್ಲಿ ಬೆಂಜೀನಿನ ಉಂಗುರಗಳಿವೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಅವು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹಳದಿ ಬಣ್ಣದ ಸಂಯುಕ್ತಗಳಾಗುತ್ತವೆ. ಕಿರಣ ತಡೆಯುವ ಪದಾರ್ಥಗಳನ್ನು ಸೇರಿಸಿದರೆ ಇದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಬಾಟಲಿಯ ಮೇಲೆ ಹಳದಿಯಾಗದ ರೆಸಿನ್ ಎಂದು ಬರೆದಿದ್ದರೆ ಅದನ್ನು ಬೇಗ ಹಳದಿಯಾಗದ ರೆಸಿನ್ ಎಂದು ಓದಿಕೊಳ್ಳುವುದು ಕ್ಷೇಮ. ನಮ್ಮ ಹವೆ ಬೇರೆ ಇದಕ್ಕೆ ಅಷ್ಟೇನೂ ಒಗ್ಗಿದ್ದಲ್ಲ. ಕೋಣೆಯ ಬಿಸಿಯಲ್ಲೇ ಗಟ್ಟಿಯಾಗುವ ಹವ್ಯಾಸಿ ಎಪಾಕ್ಸಿಗಳಲ್ಲಿ ಅನೇಕವು 50 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತವೆ. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಅಷ್ಟು ಬಿಸಿಯಾಗುವುದು ದೊಡ್ಡ ಮಾತಲ್ಲ. ಕಲಾ ಸಂಗ್ರಹಾಲಯಗಳಲ್ಲಿ ಈ ಪಾಠ ಹಳೆಯದು. ಅಮೆರಿಕದ ಶಿಲ್ಪಿ ಈವಾ ಹೆಸ್ 1960ರ ದಶಕದ ಕೊನೆಯಲ್ಲಿ ಪಾಲಿಯೆಸ್ಟರ್ ರೆಸಿನ್, ಗಾಜಿನ ನಾರು ಮತ್ತು ಲೇಟೆಕ್ಸ್ ಬಳಸಿ ಮಾಡಿದ ಕೃತಿಗಳಲ್ಲಿ ರೆಸಿನ್ ಭಾಗಗಳು ಹಳದಿಗಟ್ಟಿವೆ, ಲೇಟೆಕ್ಸ್ ಬಿರುಸಾಗಿದೆ. ಅವನ್ನು ಪ್ರದರ್ಶಿಸುವುದು ಹೇಗೆಂದು ತಜ್ಞರು ಇಂದಿಗೂ ತಲೆ ಕೆಡಿಸಿಕೊಳ್ಳುತ್ತಾರೆ. ಹೆಸ್‌ಗೆ ತಾನು ಬಳಸುತ್ತಿರುವ ವಸ್ತು ಬಾಳುವುದಿಲ್ಲವೆಂಬ ಅರಿವಿತ್ತು. ನಮ್ಮ ಹಾರದ ಫಲಕಕ್ಕೆ ಹಣ ಕೊಡುವವರಿಗೆ ಆ ಅರಿವನ್ನು ಯಾರೂ ಕೊಡುವುದಿಲ್ಲ.

ಇಲ್ಲಿಗೆ ಒಬ್ಬ ವಿವೇಕಿ ಓದುಗ ಕೈಯೆತ್ತಬಹುದು: ಹೂವು ಹೇಗೂ ಮೂರು ದಿನಕ್ಕೆ ಕೊಳೆಯುವಂಥದ್ದು, ಹಳದಿಯಾದರೂ ಸರಿ, ಇಪ್ಪತ್ತು ವರ್ಷ ಕಣ್ಣೆದುರು ಇದ್ದರೆ ಲಾಭವೇ ತಾನೆ? ಹೌದು, ಹೂವಿನ ಮಟ್ಟಿಗೆ ಈ ಮಾತನ್ನು ಒಪ್ಪಿಬಿಡಬೇಕು. ಹೇಗೂ ಕಳೆದುಕೊಳ್ಳಲಿದ್ದುದರಲ್ಲಿ ಒಂದು ಪಾಲನ್ನು ಉಳಿಸಿಕೊಂಡವರಿಗೆ ನಷ್ಟವೇನಿಲ್ಲ. ಆದರೆ ಹಾರದ ವಿಷಯದಲ್ಲಿ ಸರಿಯಾದ ಈ ಲೆಕ್ಕವನ್ನು ಕೈಗಡಿಯಾರಕ್ಕೂ ಜವಳದ ಕೂದಲಿಗೂ ಮುತ್ತಜ್ಜಿಯ ಪತ್ರಕ್ಕೂ ಹಿಗ್ಗಿಸಿದಾಗ ಅದು ತಿರುವುಮುರುವಾಗುತ್ತದೆ. ಇವು ಮೂರು ದಿನಕ್ಕೆ ಕೊಳೆಯುವ ವಸ್ತುಗಳಲ್ಲ. ಒಣ ಜಾಗದಲ್ಲಿ, ಕತ್ತಲೆಯಲ್ಲಿ, ಹುಳುವಿಂದ ದೂರವಿಟ್ಟರೆ ಕೂದಲು ನೂರಾರು ವರ್ಷ ಇರುತ್ತದೆ. ಒಳ್ಳೆಯ ಕಾಗದವೂ ಅಷ್ಟೇ. ಹೆಚ್ಚು ಬಾಳುವ ವಸ್ತುವನ್ನು ಕಡಿಮೆ ಬಾಳುವ ವಸ್ತುವಿನೊಳಗಿಟ್ಟು ಅದಕ್ಕೆ ಶಾಶ್ವತತೆ ಎಂದು ಹೆಸರಿಡುವುದರಲ್ಲಿ ಎಲ್ಲೋ ಲೆಕ್ಕ ತಪ್ಪಿದೆ. ಇನ್ನು ಗಡಿಯಾರ. ನಡೆಯುತ್ತಿದ್ದ, ಅಥವಾ ರಿಪೇರಿಗೆ ಕೊಟ್ಟರೆ ನಡೆಯಬಹುದಾಗಿದ್ದ ಯಂತ್ರ ಎಪಾಕ್ಸಿಯೊಳಗೆ ಗಡಿಯಾರದ ಚಿತ್ರವಾಗುತ್ತದೆ.

ಈ ತಾರತಮ್ಯವನ್ನು ಚೆನ್ನಾಗಿ ಬಲ್ಲವರು ಚಂದ್ರನಿಂದ ಕಲ್ಲು ತಂದವರು. ಅಪೊಲೊ ಯಾನಗಳು ಒಟ್ಟು 382 ಕಿಲೋಗ್ರಾಂ ಚಂದ್ರನ ಕಲ್ಲು ಮಣ್ಣು ತಂದವು. ಅಪೊಲೊ 11ರ ಬಳಿಕ ಅಧ್ಯಕ್ಷ ನಿಕ್ಸನ್ ಆಡಳಿತ ಲೋಕದ ದೇಶಗಳಿಗೆ ಸೌಹಾರ್ದದ ಕಾಣಿಕೆಯಾಗಿ ಚಂದ್ರನ ಕಣಗಳನ್ನು ಹಂಚಿತು. ಒಂದೊಂದು ಕಾಣಿಕೆಯಲ್ಲಿ ಇದ್ದದ್ದು ಎಲ್ಲ ಸೇರಿ ಸುಮಾರು 0.05 ಗ್ರಾಂ ತೂಗುವ ನಾಲ್ಕು ಕಣಗಳು, ಪಾರದರ್ಶಕ ಅಕ್ರಿಲಿಕ್ ಗುಂಡಿಯೊಳಗೆ ಹುದುಗಿದವು. ಅಪೊಲೊ 17ರ ನಂತರ ಮತ್ತೊಂದು ಸುತ್ತು: ಒಂದು ಗ್ರಾಮಿನ ಆಸುಪಾಸಿನ ಕಲ್ಲಿನ ಚೂರು, ಅದೂ ಅಕ್ರಿಲಿಕ್ ಗೋಳದೊಳಗೆ. ಹುದುಗಿಸಿದ ನೆನಪಿನ ಕಾಣಿಕೆಗಳಲ್ಲಿ ಇದಕ್ಕಿಂತ ಪ್ರಸಿದ್ಧವಾದವು ಲೋಕದಲ್ಲಿ ಇರಲಾರವು. ಆದರೆ ಉಳಿದ ಕಲ್ಲನ್ನು ನಾಸಾ ಏನು ಮಾಡಿತು? ಹೂಸ್ಟನ್ನಿನ ಪ್ರಯೋಗಾಲಯದಲ್ಲಿ ಶುದ್ಧ ಸಾರಜನಕ ತುಂಬಿದ ಪೆಟ್ಟಿಗೆಗಳಲ್ಲಿ ಇಟ್ಟಿತು. ಕೆಲವನ್ನು ಚಂದ್ರನ ಮೇಲೆಯೇ ನಿರ್ವಾತದಲ್ಲಿ ಮುಚ್ಚಿ ತಂದು, ಬೇಕೆಂದೇ ತೆರೆಯದೆ ಬಿಟ್ಟಿತು. 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಗಗನಯಾತ್ರಿಗಳು ಹೀಗೆ ಮುಚ್ಚಿದ ಒಂದು ಕೊಳವೆಯನ್ನು ತೆರೆದದ್ದು 2022ರಲ್ಲಿ. ಐವತ್ತು ವರ್ಷ ಕಾದದ್ದು, 1972ರಲ್ಲಿ ಇಲ್ಲದ ಉಪಕರಣಗಳು ಮುಂದೊಂದು ದಿನ ಬರುತ್ತವೆ ಎಂಬ ಭರವಸೆಯಿಂದ. ಆ ಭರವಸೆ ಹುಸಿಯಲ್ಲ ಎಂಬುದಕ್ಕೆ ಆಗಲೇ ಸಾಕ್ಷಿ ಸಿಕ್ಕಿತ್ತು: ಚಂದ್ರ ಪೂರ್ತಿ ಒಣ ಎಂದೇ ನಂಬಿದ್ದ ಕಾಲದಲ್ಲಿ ತಂದ ಗಾಜುಮಣಿಗಳಲ್ಲಿ ನೀರಿನ ಅಂಶ ಇರುವುದನ್ನು ವಿಜ್ಞಾನಿಗಳು 2008ರಲ್ಲಿ ಹೊಸ ಉಪಕರಣಗಳಿಂದ ಅಳೆದು ತೋರಿಸಿದರು. ಪ್ಲಾಸ್ಟಿಕ್ಕಿಗೆ ಹೋದದ್ದು ಸಂಗ್ರಹದ ಅತ್ಯಲ್ಪ ಪಾಲು, ಅದೂ ಕೈಕುಲುಕುವಾಗ ಕೊಡಲು. ತಿಳಿಯಲೆಂದು ಇಟ್ಟುಕೊಂಡದ್ದಕ್ಕೆ ಬೀಗವಿದೆ, ಆ ಬೀಗಕ್ಕೆ ಕೀಲಿಯೂ ಇದೆ.

ನಮ್ಮಲ್ಲೇ ಇದಕ್ಕೆ ಸಮನಾದ, ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ನಿದರ್ಶನ ಮೂಡುಬಿದಿರೆಯಲ್ಲಿದೆ. ದಿಗಂಬರ ಜೈನರ ಷಟ್‌ಖಂಡಾಗಮ ಮತ್ತು ಅದರ ಧವಲಾ ಟೀಕೆಯ ಪ್ರಾಚೀನ ತಾಳೆಗರಿ ಪ್ರತಿಗಳು ಉಳಿದದ್ದು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಶತಮಾನಗಳ ಕಾಲ ಅವು ಓದುವ ಗ್ರಂಥಗಳಾಗಿರಲಿಲ್ಲ, ದರ್ಶನದ ವಸ್ತುಗಳಾಗಿದ್ದವು. ಯಾತ್ರಿಕರು ಬರುತ್ತಿದ್ದರು, ಕೈಮುಗಿಯುತ್ತಿದ್ದರು, ಹೋಗುತ್ತಿದ್ದರು. ಆ ಕಾಲದ ಭಕ್ತರ ಕೈಗೆ ಎಪಾಕ್ಸಿ ಸಿಕ್ಕಿದ್ದರೆ, ಅಷ್ಟು ಪೂಜ್ಯವಾದ ವಸ್ತು ಗೆದ್ದಲಿಗೆ ಸಿಕ್ಕದಿರಲೆಂದು ಗರಿಗಳನ್ನು ಅದರಲ್ಲಿ ಮುಳುಗಿಸಿಬಿಡುವ ಯೋಚನೆ ಬಾರದೆ ಇರುತ್ತಿತ್ತೆ? ದರ್ಶನಕ್ಕೆ ಅದರಿಂದ ಯಾವ ಅಡ್ಡಿಯೂ ಇರಲಿಲ್ಲ, ಇನ್ನಷ್ಟು ಹೊಳೆಯುತ್ತಿತ್ತು. ಆದರೆ ತಾಳೆಗರಿಯ ಕಟ್ಟು ದಾರದ ಕಟ್ಟು. ಬಿಚ್ಚಬಹುದಾದದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮನಸ್ಸುಗಳು ಬದಲಾದವು. ಪ್ರತಿ ಮಾಡುವ ಕೆಲಸ ಶುರುವಾಗಿ ದಶಕಗಳ ಕಾಲ ನಡೆಯಿತು. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಗಿ ಹೊರಬಂತು. ಪೂಜಿಸುತ್ತಿದ್ದವರ ಮೊಮ್ಮಕ್ಕಳು ಓದತೊಡಗಿದರು. ಕಾಪಾಡಿದವರಿಗೆ ತಮ್ಮ ಕೈಯಲ್ಲಿರುವುದು ಒಂದು ದಿನ ಹೀಗೆ ಬಳಕೆಯಾಗುತ್ತದೆಂಬ ಕಲ್ಪನೆ ಇತ್ತೋ ಇಲ್ಲವೋ. ಇರಬೇಕಾಗಿಯೂ ಇರಲಿಲ್ಲ. ಅವರು ಗಂಟನ್ನು ಬಿಚ್ಚುವಂತೆ ಬಿಟ್ಟಿದ್ದರು, ಅಷ್ಟು ಸಾಕಾಯಿತು.

ಬಿಚ್ಚಲಾಗದಂತೆ ಕಾಪಾಡಲು ಹೋಗಿ ಕೈ ಸುಟ್ಟುಕೊಂಡವರ ಕಥೆಯೂ ದೊಡ್ಡದೇ. ಅಮೆರಿಕದ ವರ್ಜೀನಿಯಾದಲ್ಲಿ ವಿಲಿಯಂ ಬ್ಯಾರೋ 1930ರ ದಶಕದಿಂದ ಹಳೆಯ ದಾಖಲೆಗಳನ್ನು ಸೆಲ್ಯುಲೋಸ್ ಅಸಿಟೇಟ್ ಹಾಳೆಗಳ ನಡುವೆ ಬಿಸಿ ಒತ್ತಡದಲ್ಲಿ ಅಂಟಿಸುವ ವಿಧಾನವನ್ನು ಬಳಕೆಗೆ ತಂದರು. ಅದು ಆ ಕಾಲದ ಅತ್ಯಾಧುನಿಕ ಸಂರಕ್ಷಣೆ. ಅನೇಕ ಪತ್ರಾಗಾರಗಳು ಅದನ್ನು ಉತ್ಸಾಹದಿಂದ ಅನುಸರಿಸಿದವು. ಕೆಲವು ದಶಕ ಕಳೆದ ಮೇಲೆ ಅಸಿಟೇಟ್ ತಾನೇ ಹಾಳಾಗುತ್ತ ಆಮ್ಲ ಬಿಡತೊಡಗಿತು. ಕಾಗದವನ್ನು ರಕ್ಷಿಸಲು ಹೊದಿಸಿದ ಹೊದಿಕೆಯೇ ಕಾಗದವನ್ನು ತಿನ್ನುವ ಭಯ ಬಂದಾಗ ಅದನ್ನು ಬಿಡಿಸುವ ಕೆಲಸ ಸಂರಕ್ಷಕರ ಪಾಲಿಗೆ ಬಿತ್ತು. ಒಂದು ಪುಣ್ಯವೆಂದರೆ ಅಸಿಟೇಟ್ ಅಸಿಟೋನಿನಲ್ಲಿ ಕರಗುತ್ತದೆ. ಎಪಾಕ್ಸಿಯಲ್ಲಿ ಆ ಪುಣ್ಯವೂ ಇಲ್ಲ. ಇಂಥ ಅನುಭವಗಳ ಬಳಿಕವೇ ವಸ್ತು ಸಂಗ್ರಹಾಲಯಗಳ ಲೋಕದಲ್ಲಿ, ಇಂದು ಮಾಡಿದ್ದನ್ನು ನಾಳೆ ತೆಗೆಯಲು ಸಾಧ್ಯವಾಗಬೇಕು ಎಂಬ ನಿಯಮ ಗಟ್ಟಿಯಾಯಿತು. ಮಡಕೆಯ ಚೂರು ಜೋಡಿಸಲು, ಸಡಿಲಾದ ಬಣ್ಣ ನಿಲ್ಲಿಸಲು ಅವರು ಹೆಚ್ಚಾಗಿ ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಮೆಚ್ಚುಗೆ ಪಡೆದದ್ದಕ್ಕೆ ಒಂದು ಮುಖ್ಯ ಕಾರಣ, ಅದು ವರ್ಷಗಳ ಮೇಲೂ ಅಸಿಟೋನಿಗೆ ಕರಗುತ್ತದೆ ಎಂಬುದು. ನಮ್ಮ ಮನೆಗಳಲ್ಲಿ ಈ ಪಾಠದ ಚಿಕ್ಕ ರೂಪ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಊರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಿಟ್ಟ ಅಂಕಪಟ್ಟಿ, ಮಗ ಮಗಳು ವಿದೇಶಕ್ಕೆ ಹೊರಟು ಮೂಲಪ್ರತಿಯ ಮೇಲೆ ಮುದ್ರೆ ಬೇಕಾದಾಗ ತೊಡಕಾಗಿ ನಿಲ್ಲುತ್ತದೆ. ಹೊದಿಸಿದವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಮುಂದೆ ಆ ಕಾಗದದ ಮೇಲೆ ಇನ್ನೇನೋ ಬರೆಯಬೇಕಾದೀತು ಎಂಬುದು ಹೊಳೆದಿರಲಿಲ್ಲ.

ಈಗ ಬಲವಾದ ಆಕ್ಷೇಪಕ್ಕೆ ಬರೋಣ. ರೆಸಿನ್ ಪ್ರಿಯರು ಯಾವಾಗಲೂ ತೋರಿಸುವ ಸಾಕ್ಷಿ ಅಂಬರ್. ಮರದ ರಾಳದಲ್ಲಿ ಸಿಕ್ಕಿಬಿದ್ದ ನೊಣ ಕೋಟ್ಯಂತರ ವರ್ಷಗಳ ಮೇಲೂ ರೆಕ್ಕೆಯ ನರ ಸಮೇತ ಕಾಣುತ್ತದಲ್ಲ. ಪ್ರಕೃತಿಯೇ ಮಾಡಿದ್ದನ್ನು ನಾವು ಮಾಡಿದರೆ ತಪ್ಪೇನು? ಮೊದಲ ಉತ್ತರ, ಕಾಣುವಷ್ಟು ಅಲ್ಲಿ ಇರುವುದಿಲ್ಲ. ಅಂಬರಿನ ಹುಳುಗಳಲ್ಲಿ ಅನೇಕವು ಒಳಗೆ ಟೊಳ್ಳು, ಹೊರ ಕವಚದ ಅಚ್ಚು ಮಾತ್ರ. 1990ರ ದಶಕದಲ್ಲಿ ಅಂಬರಿನ ಕೀಟದಿಂದ ಡಿಎನ್‌ಎ ತೆಗೆದೆವೆಂಬ ಪ್ರಕಟಣೆಗಳು ಬಂದವು, ‘ಜುರಾಸಿಕ್ ಪಾರ್ಕ್’ ಸಿನಿಮಾ ಅದಕ್ಕೆ ರೆಕ್ಕೆ ಕಟ್ಟಿತು; ಬೇರೆಯವರು ಪರೀಕ್ಷಿಸಿದಾಗ ಅವು ನಿಲ್ಲಲಿಲ್ಲ. 2013ರಲ್ಲಿ ಮ್ಯಾಂಚೆಸ್ಟರಿನ ಸಂಶೋಧಕರು ಕೋಪಾಲ್ ಎಂಬ ಎಳೆಯ ರಾಳದಲ್ಲಿ ಸಿಕ್ಕ ಜೇನ್ನೊಣಗಳಲ್ಲೂ ನಂಬಬಹುದಾದ ಪ್ರಾಚೀನ ಡಿಎನ್‌ಎ ಸಿಗಲಿಲ್ಲವೆಂದು ವರದಿ ಮಾಡಿದರು. ಎರಡನೆಯ ಉತ್ತರ ನಮ್ಮ ದೇಶದ್ದೇ. ಗುಜರಾತಿನ ತಡಕೇಶ್ವರದ ಲಿಗ್ನೈಟ್ ಗಣಿಯಲ್ಲಿ ಸಿಗುವ ಅಂಬರಿಗೆ ಐದು ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಅದು ಡಿಪ್ಟೆರೋಕಾರ್ಪ್ ಕುಟುಂಬದ ಮರಗಳ ರಾಳ. ನಮ್ಮ ಪಶ್ಚಿಮ ಘಟ್ಟದ ಧೂಪದ ಮರ ಅದೇ ಕುಟುಂಬಕ್ಕೆ ಸೇರಿದ್ದು. ಆ ಅಂಬರಿನ ವಿಶೇಷವೆಂದರೆ, ಇಷ್ಟು ಕಾಲ ಕಳೆದರೂ ಅದರ ಅಣುಗಳು ಪೂರ್ತಿಯಾಗಿ ಹೆಣೆದುಕೊಂಡಿಲ್ಲ, ಆದ್ದರಿಂದ ಅದನ್ನು ದ್ರಾವಕದಲ್ಲಿ ಕರಗಿಸಿ ಒಳಗಿನ ಕೀಟವನ್ನು ಇಡಿಯಾಗಿ ಹೊರತೆಗೆಯಬಹುದು. ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆಯೇ ಮಾಡಿದ್ದರು. ಕರಗಲು ಒಪ್ಪುವ ರಾಳವೇ ಹೆಚ್ಚು ಹೇಳಿತು.

ಆದರೂ ಪ್ರಾಮಾಣಿಕತೆಗಾಗಿ ಒಂದು ಸಂಗತಿಯನ್ನು ಒಪ್ಪಬೇಕು, ಅದು ನನ್ನ ವಾದಕ್ಕೆ ಅನುಕೂಲವಾದದ್ದಲ್ಲ. ಅಂಬರ್ ಗಾಳಿಗೆ ತೆರೆದುಕೊಂಡರೆ ಮೇಲ್ಮೈಯಿಂದ ಬಿರುಕು ಬಿಡುತ್ತ ಹೋಗುತ್ತದೆ. ಅದನ್ನು ತಡೆಯಲು ದೊಡ್ಡ ಸಂಗ್ರಹಾಲಯಗಳಲ್ಲಿ ಕೆಲವು ಅಮೂಲ್ಯ ಅಂಬರ್ ತುಣುಕುಗಳನ್ನು ನಿರ್ವಾತದಲ್ಲಿ ಎಪಾಕ್ಸಿಯೊಳಗೆ ಹುದುಗಿಸುವುದುಂಟು. ಅಂದರೆ ಕಾಪಾಡುವ ವೃತ್ತಿಯವರೇ ರೆಸಿನ್ ಬಳಸುತ್ತಾರೆ. ಯಾವಾಗ ಬಳಸುತ್ತಾರೆಂಬುದನ್ನು ಗಮನಿಸಬೇಕು. ಹಾಗೆ ಬಿಟ್ಟರೆ ತುಣುಕು ಪುಡಿಯಾಗುವುದು ಖಚಿತವಾದಾಗ, ಅಥವಾ ಹಾಗೆ ಮಾಡದೆ ಕೊಯ್ದು ನಯಗೊಳಿಸಿ ಸೂಕ್ಷ್ಮದರ್ಶಕದಡಿ ನೋಡುವುದು ಅಸಾಧ್ಯವಾದಾಗ. ಹಿಂದೆ ಬರುವ ದಾರಿ ಇಲ್ಲವೆಂದು ತಿಳಿದೇ, ಯಾವ ರೆಸಿನ್ ಎಂಬುದನ್ನು ಆರಿಸಿ, ದಾಖಲಿಸಿಟ್ಟು. ಭೂವಿಜ್ಞಾನಿ ಕಲ್ಲಿನ ಚೂರನ್ನು ಎಪಾಕ್ಸಿಯಲ್ಲಿ ಕೂರಿಸುವುದೂ, ಜೀವವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕಾಗಿ ಅಂಗಾಂಶವನ್ನು ರೆಸಿನ್ನಿನಲ್ಲಿ ಹುದುಗಿಸುವುದೂ ಇಂಥದ್ದೇ: ಇಡಿಯಿಂದ ಒಂದು ತುಣುಕನ್ನು ಮಾತ್ರ ತ್ಯಾಗ ಮಾಡುತ್ತಾರೆ. ಇದನ್ನು ಅಪವಾದ ಎನ್ನುವುದಕ್ಕಿಂತ ನಿಯಮದ ಇನ್ನೊಂದು ಮುಖ ಎನ್ನಬಹುದು. ಬೇರೆ ದಾರಿ ಇಲ್ಲದಾಗ, ಅಥವಾ ಉಳಿದದ್ದು ಬೇರೆಡೆ ಕ್ಷೇಮವಾಗಿರುವಾಗ ರೆಸಿನ್ ಸರಿ. ಪೆಟ್ಟಿಗೆಯಲ್ಲಿ ಸುಖವಾಗಿದ್ದ ಪತ್ರಕ್ಕೆ ಈ ಎರಡೂ ಕಾರಣ ಅನ್ವಯಿಸುವುದಿಲ್ಲ.

ಸಂಪ್ರದಾಯದ ಕಡೆಯಿಂದಲೂ ಒಂದು ಪ್ರಶ್ನೆ ಬರುತ್ತದೆ. ಹೊಕ್ಕುಳಬಳ್ಳಿಯ ತುಂಡನ್ನು ಬೆಳ್ಳಿಯ ತಾಯತದಲ್ಲಿಟ್ಟು ಮಗುವಿಗೆ ಕಟ್ಟುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ತೀರಿಕೊಂಡವರ ಕೂದಲನ್ನು ಲಾಕೆಟ್ಟಿನಲ್ಲಿಟ್ಟು ಎದೆಯ ಮೇಲೆ ಧರಿಸುತ್ತಿದ್ದರು. ರೆಸಿನ್ ಪದಕ ಅದರ ಮುಂದುವರಿಕೆ ತಾನೆ? ಆಸೆಯ ಮಟ್ಟಿಗೆ ಖಂಡಿತ ಹೌದು. ಈ ಆಸೆಯನ್ನು ಹೊಸಗಾಲದ ಚಪಲ ಎಂದು ಹಗುರ ಮಾಡುವವರ ಜತೆ ನನಗೆ ಸಹಮತವಿಲ್ಲ. ಆದರೆ ತಾಯತಕ್ಕೆ ಮುಚ್ಚಳವಿದೆ, ಅರಗಿನಿಂದ ಮುಚ್ಚಿದ್ದರೂ ಅರಗು ಬಿಸಿಗೆ ಬಿಡುತ್ತದೆ. ಲಾಕೆಟ್ಟಿಗೆ ತಿರುಗಣೆಯಿದೆ. ಒಳಗಿರುವುದು ಕಾಣದಂತೆ ಮುಚ್ಚಿದ್ದರೂ ಮುಟ್ಟಬಹುದಾಗಿತ್ತು. ರೆಸಿನ್ ಇದನ್ನು ಅದಲುಬದಲು ಮಾಡುತ್ತದೆ: ಸದಾ ಕಾಣುತ್ತದೆ, ಎಂದೂ ಮುಟ್ಟಲಾಗದು. ತಾಯತ ಧರಿಸಿದವನಿಗಾಗಿ ಇದ್ದದ್ದು, ರೆಸಿನ್ ಪದಕ ಬಹುಮಟ್ಟಿಗೆ ನೋಡುವವರಿಗಾಗಿ, ಮೊಬೈಲಿನಲ್ಲಿ ಹಾಕುವ ಚಿತ್ರಕ್ಕಾಗಿ. ಎದೆಹಾಲನ್ನು ಪುಡಿ ಮಾಡಿ ರೆಸಿನ್ನಿಗೆ ಬೆರೆಸಿದ ಮೇಲೆ ಅಲ್ಲಿ ಕಾಣುವುದು ಬಿಳಿ ಮಣಿ. ಅದು ಹಾಲೆಂದು ಹೇಳುವುದು ಮಾಡಿದವರ ಮಾತು ಮಾತ್ರ. ನೆನಪಿಗೆ ಅಷ್ಟೇ ಸಾಕು ಎನ್ನುವವರೂ ಇರಬಹುದು. ಹಾಗಿದ್ದರೆ ಆ ಮಣಿಗೆ ಹಾಲೇ ಏಕೆ ಬೇಕಿತ್ತು ಎಂಬ ಪ್ರಶ್ನೆ ಅವರಿಗೇ ಉಳಿಯುತ್ತದೆ.

ಇನ್ನೊಂದು ಮಾತು ಹೇಳುವವರಿದ್ದಾರೆ: ಮನೆಯ ನೆನಪು ಚಂದ್ರನ ಕಲ್ಲಲ್ಲ, ಧವಲಾ ಗ್ರಂಥವೂ ಅಲ್ಲ, ಅದನ್ನು ನಾಳೆ ಯಾರೂ ಸಂಶೋಧಿಸುವುದಿಲ್ಲ, ವಸ್ತು ನಮ್ಮದು, ಏನಾದರೂ ಮಾಡಿಕೊಳ್ಳುತ್ತೇವೆ. ಹಕ್ಕಿನ ಪ್ರಶ್ನೆಯಾದರೆ ವಾದ ಮುಗಿಯಿತು, ಯಾರೂ ತಡೆಯಲಾರರು. ಆದರೆ ಮನೆಯ ವಸ್ತುವಿಗೂ ಮುಂದಿನ ಓದುಗರು ಇರುತ್ತಾರೆ. ಅಜ್ಜಿಯ ಸೀರೆಯ ಅಂಚಿನ ನೇಯ್ಗೆಯನ್ನು ಎಳೆ ಎಣಿಸಿ ತಿಳಿಯಬೇಕೆನ್ನುವ ಮೊಮ್ಮಗಳು ಬರಬಹುದು. ಪತ್ರದ ಹಿಂಬದಿಯ ಅಂಚೆ ಮುದ್ರೆಯಿಂದ ಮುತ್ತಜ್ಜ ಯಾವ ವರ್ಷ ಯಾವ ಊರಲ್ಲಿದ್ದ ಎಂದು ಹುಡುಕುವವನು ಬರಬಹುದು. ನಿಂತುಹೋದ ಗಡಿಯಾರವನ್ನು ಮತ್ತೆ ಕಟ್ಟಿಕೊಳ್ಳಬೇಕೆನ್ನುವ ಹುಡುಗನೂ ಬರಬಹುದು. ಅವರು ಏನು ಕೇಳುತ್ತಾರೆಂದು ಇಂದು ಗೊತ್ತಿಲ್ಲ, ಗೊತ್ತಿಲ್ಲದಿರುವುದರಿಂದಲೇ ಉತ್ತರವನ್ನು ಮುಂಚಿತವಾಗಿ ಮುಚ್ಚಬಾರದು. ಚಿತ್ರ ಬೇಕಾದರೆ ಫೋಟೊ ಇದೆಯಲ್ಲ. ಫೋಟೊವೂ ಒಂದೇ ಇಂದ್ರಿಯಕ್ಕೆ ಸೀಮಿತವಾದದ್ದೇ, ಬಣ್ಣಗೆಡುವಂಥದ್ದೇ. ಆದರೆ ಅದು ಚಿತ್ರ ತೆಗೆದುಕೊಂಡು ವಸ್ತುವನ್ನು ನಮಗೇ ಬಿಡುತ್ತದೆ.

ಹಾಗಾದರೆ ಏನನ್ನು ಹುದುಗಿಸಬಹುದು? ಬೇಕಾದಷ್ಟಿದೆ. ಹಾರದಿಂದ ಹತ್ತೆಂಟು ಎಸಳು, ಕಡಲತೀರದ ಚಿಪ್ಪು, ಬೀಜ, ಜರೀಗಿಡದ ಎಲೆ, ಬಳಕೆಯಲ್ಲಿಲ್ಲದ ಸಾಮಾನ್ಯ ನಾಣ್ಯ, ಒಡೆದ ಬಳೆ, ಪತ್ರದ ಬಣ್ಣದ ನೆರಳಚ್ಚು. ಶಾಲೆಯ ಮಕ್ಕಳ ಕೈಗೆ ಕೊಡಲು ಜೀರುಂಡೆಯನ್ನು ರೆಸಿನ್ನಿನಲ್ಲಿ ಕೂರಿಸಿದ್ದು ಸೂಜಿಗೆ ಚುಚ್ಚಿದ ಜೀರುಂಡೆಗಿಂತ ಹೆಚ್ಚು ದಿನ ಬಾಳುತ್ತದೆ, ಕಾಲು ಮುರಿಯುವುದಿಲ್ಲ. ಅಲ್ಲಿ ರೆಸಿನ್ನಿಗೆ ಮೆಚ್ಚುಗೆಯೇ ಸಲ್ಲಬೇಕು. ಬರೀ ಅಲಂಕಾರಕ್ಕೆಂದು ಬಣ್ಣ ಬೆರೆಸಿ ಸುರಿದ ತಟ್ಟೆ ಫಲಕಗಳ ಬಗ್ಗೆ ಈ ವಾದಕ್ಕೆ ಹೇಳುವುದೇನೂ ಇಲ್ಲ. ಅವುಗಳ ಮೇಲೆ ಇರುವ ಆಕ್ಷೇಪ ಕಸದ್ದು: ಗಟ್ಟಿಯಾದ ಎಪಾಕ್ಸಿಯನ್ನು ಕರಗಿಸಿ ಮರುಬಳಕೆ ಮಾಡಲಾಗದು, ಮಣ್ಣಲ್ಲಿ ಅದು ಕೊಳೆಯದು. ಬಾಡಿದ ಹಾರ ತೆಂಗಿಗೆ ಗೊಬ್ಬರವಾಗುತ್ತಿತ್ತು. ಹಳದಿಗಟ್ಟಿದ ಫಲಕವನ್ನು ಮುಂದೊಂದು ದಿನ ಯಾರೋ ಕಸದ ಗಾಡಿಗೆ ಹಾಕಬೇಕು, ಅದರ ಮೇಲೆ ಅಪ್ಪ ಅಮ್ಮನ ಹೆಸರು ಬೇರೆ ಕೆತ್ತಿರುತ್ತದೆ.

ಇದನ್ನೇ ದುಡಿಮೆ ಮಾಡಿಕೊಂಡವರ ಮಾತನ್ನು ಬಿಡುವಂತಿಲ್ಲ. ಅಂಗಡಿ ಬಾಡಿಗೆ ಇಲ್ಲದೆ, ಮನೆಯ ಒಂದು ಮೂಲೆಯಿಂದ, ಮೊಬೈಲಿನಲ್ಲೇ ಗಿರಾಕಿಗಳನ್ನು ಪಡೆದು ಸ್ವಂತ ಸಂಪಾದನೆ ಕಂಡ ಹೆಣ್ಣುಮಕ್ಕಳು ಈ ಕೆಲಸದಲ್ಲಿ ಬಹಳ. ಶಾಶ್ವತದ ಭರವಸೆಯನ್ನು ಪ್ರಶ್ನಿಸಿದರೆ ಅವರ ಅನ್ನಕ್ಕೆ ಕಲ್ಲು ಹಾಕಿದಂತಾಗುವುದಿಲ್ಲವೆ ಎಂದು ಕೇಳಬಹುದು. ಆಗಬೇಕಿಲ್ಲ. ಇದು ಅಲಂಕಾರ, ಬಿಸಿಲಿಗಿಡಬೇಡಿ, ವರ್ಷಗಳ ಮೇಲೆ ಬಣ್ಣ ತಿರುಗುತ್ತದೆ, ಒಂದೇ ಇರುವ ವಸ್ತುವಾದರೆ ಅರ್ಧ ಮಾತ್ರ ಕೊಡಿ ಎಂದು ಹೇಳಿ ಮಾರುವವರಿಗೆ ಗಿರಾಕಿ ತಪ್ಪುತ್ತಾರೆಂದು ನನಗನಿಸುವುದಿಲ್ಲ. ಹತ್ತು ವರ್ಷದ ಮೇಲೆ ಜಗಳವಂತೂ ತಪ್ಪುತ್ತದೆ. ಅವರ ಬಗ್ಗೆ ಕಾಳಜಿ 
ಇರುವವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಗಟ್ಟಿಯಾಗದ ಎಪಾಕ್ಸಿ ಮತ್ತು ಹಾರ್ಡನರ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಆ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಆಮೇಲೆ ಅತ್ಯಲ್ಪ ಸೋಂಕಿದರೂ ಕೈ ಮುಖ ಕೆರೆದು ಉಬ್ಬುತ್ತವೆ. ಆ ಕಸುಬನ್ನೇ ಬಿಡಬೇಕಾಗುತ್ತದೆ. ನೈಟ್ರೈಲ್ ಕೈಗವಸು, ಗಾಳಿಯಾಡುವ ಕೋಣೆ, ಉಜ್ಜಿ ನಯಗೊಳಿಸುವಾಗ ದೂಳು ತಡೆಯುವ ಮಾಸ್ಕ್ ಇವುಗಳ ಖರ್ಚು ಫಲಕದ ಬೆಲೆಯಲ್ಲಿ ಸೇರಿರಬೇಕು. ಅಡುಗೆಮನೆಯ ಕಟ್ಟೆಯ ಮೇಲೆ, ಬರಿಗೈಯಲ್ಲಿ, ಮಗು ಪಕ್ಕದಲ್ಲಿ ಮಲಗಿರುವಾಗ ಸುರಿದ ರೆಸಿನ್ ಅಗ್ಗವಾಗಿ ಸಿಕ್ಕರೆ ಆ ಅಗ್ಗದ ಬೆಲೆಯನ್ನು ಇನ್ನಾರೋ ತೆರುತ್ತಿದ್ದಾರೆ.

ಉಳಿದದ್ದು ಚಿತಾಭಸ್ಮ. ಈ ವಾದಕ್ಕೆ ಎಲ್ಲಕ್ಕಿಂತ ಕಠಿಣ ಸವಾಲಾಗಬೇಕಾದದ್ದು ಅದೇ, ಏಕೆಂದರೆ ಅಲ್ಲಿ ದುಃಖ ಹಸಿಯಾಗಿರುತ್ತದೆ, ತರ್ಕ ಕ್ರೂರವಾಗಿ ಕೇಳುತ್ತದೆ. ವಿಚಿತ್ರವೆಂದರೆ ಈ ಪ್ರಸಂಗದಲ್ಲೇ ರೂಢಿ ತಾನಾಗಿ ಸರಿದಾರಿ ಹಿಡಿದಂತಿದೆ. ಪದಕಕ್ಕೆ ಬೇಕಾದದ್ದು ಚಿಟಿಕೆಯಷ್ಟು. ಉಳಿದದ್ದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲೋ ಇನ್ನೊಂದು ನದಿಯಲ್ಲೋ ವಿಸರ್ಜನೆಯಾಗುತ್ತದೆ. ಪೂರ್ತಿ ವಿಸರ್ಜಿಸಬೇಕು, ಚಿಟಿಕೆಯನ್ನೂ ಉಳಿಸಬಾರದು ಎನ್ನುವ ಶಾಸ್ತ್ರದ ತಕರಾರನ್ನು ಪುರೋಹಿತರಿಗೆ ಬಿಡೋಣ. ಇಲ್ಲಿ ನೋಡಬೇಕಾದದ್ದು ಇಷ್ಟೇ: ಬೂದಿಯಿಂದ ಇನ್ನು ತಿಳಿಯುವುದು ಏನೂ ಉಳಿದಿಲ್ಲ, ಅದನ್ನು ಮತ್ತೆ ಬಿಚ್ಚಿ ನೋಡುವ ಕಾರಣ ಯಾವ ಮೊಮ್ಮಗುವಿಗೂ ಬರುವುದಿಲ್ಲ, ಹೆಚ್ಚಿನ ಪಾಲು ತನ್ನ ದಾರಿಗೆ ಹೋಗಿದೆ. ಎದೆಯ ಮೇಲೆ ಆ ಚಿಟಿಕೆಯನ್ನು ಇಟ್ಟುಕೊಂಡವರ ಮುಂದೆ ಈ ಲೇಖನಕ್ಕೆ ಆಕ್ಷೇಪವಿಲ್ಲ. ಆದರೆ ಅದೇ ವ್ಯಕ್ತಿ ಕೊನೆಯದಾಗಿ ಬರೆದ ಚೀಟಿ ಮನೆಯಲ್ಲಿದ್ದರೆ, ಅದು ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ, ಬೀರುವಿನ ಒಣ ಮೂಲೆಯಲ್ಲಿ ಇರಲಿ.